ಆರಡಿ ಗುಂಡಿಗೂ ಏಣಿ, ತಡೆ ಬೇಕಾ?

"ಪೈಪ್ ಹಾಕಲು ತೋಡಿದ್ದು ಬರೀ 6 ಅಡಿ. ಯಾರಾದರೂ ಬಿದ್ದರೂ ಎದ್ದು ಬರುತ್ತಾರೆ. ಅದಕ್ಕೂ ಏಣಿ, ತಡೆ ಬೇಕಾ?" ಅಂತ ಕೇಳಿದ್ದೀರಿ.

ಬೇಕು. ನಾನು ಸೈಟ್ ಸೂಪರ್‌ವೈಸರ್. 20 ಅಡಿ ಆಳ ಕಂಡರೆ ಎಲ್ಲರೂ ತಾವಾಗೇ ದೂರ ನಿಲ್ಲುತ್ತಾರೆ. 6 ಅಡಿ ಅಂದರೆ ಯಾರಿಗೂ ಲೆಕ್ಕಕ್ಕೇ ಇಲ್ಲ. ಜಿಗಿದು ದಾಟುತ್ತಾರೆ, ಅಂಚಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ಬಿದ್ದರೆ ಮೆತ್ತನೆ ಮಣ್ಣು ಸಿಗುತ್ತದಾ? ಕೆಳಗಿರುವುದು ಪೈಪು, ಕಲ್ಲು, ಕೆಲವೊಮ್ಮೆ ನೆಟ್ಟಗೆ ನಿಂತ ಕಂಬಿ. ಟ್ರೆಂಚ್ ಇಕ್ಕಟ್ಟಾಗಿರುವುದರಿಂದ ಎದುರು ಗೋಡೆಗೆ ತಲೆಯೂ ಬಡಿಯುತ್ತದೆ.

ನಾನು ಮೊದಲು ನೋಡುವುದು ಅಗೆದ ಮಣ್ಣು ಎಲ್ಲಿ ಬಿದ್ದಿದೆ ಅಂತ. ಅಂಚಿಗೇ ಸುರಿದರೆ ಓಡಾಡಲು ಜಾಗ ಇರುವುದಿಲ್ಲ. ಜನ ಗುಡ್ಡೆ ಹತ್ತಿ ಹೋಗುತ್ತಾರೆ, ಕಾಲಡಿಯ ಸಡಿಲ ಮಣ್ಣು ಜಾರಿ ಅವರನ್ನೂ ಒಳಗೆ ಎಳೆದುಕೊಳ್ಳುತ್ತದೆ. ಸಾಲದ್ದಕ್ಕೆ ಆ ಭಾರಕ್ಕೆ ಗೋಡೆಯೂ ಕುಸಿಯಬಹುದು. ಅಮೆರಿಕದ ಕೆಲಸದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಓಷಾದ (OSHA) ನಿಯಮದಲ್ಲಿ ಮಣ್ಣು ಅಂಚಿನಿಂದ ಕನಿಷ್ಠ 2 ಅಡಿ ದೂರ ಇರಬೇಕು. ಆಳ 4 ಅಡಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಕೆಲಸಗಾರ 25 ಅಡಿಗಿಂತ ಜಾಸ್ತಿ ನಡೆಯದೆ ಏಣಿಯೋ ಮೆಟ್ಟಿಲೋ ಸಿಗಬೇಕು. 5 ಅಡಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಗಟ್ಟಿ ಬಂಡೆ ಅಲ್ಲದಿದ್ದರೆ, ಗೋಡೆ ಕುಸಿಯದಂತೆ ಆಸರೆ ಕೊಡಬೇಕು ಇಲ್ಲವೇ ಇಳಿಜಾರಾಗಿ ಕತ್ತರಿಸಬೇಕು. ನಿಮ್ಮಲ್ಲಿ ಯಾವ ಕಾನೂನೇ ಇರಲಿ, ಈ ಲೆಕ್ಕ ಇಟ್ಟುಕೊಂಡರೆ ನಷ್ಟವಿಲ್ಲ.

ಡಾಂಬರಿನ ಪಕ್ಕ ತೋಡಿದ್ದರೆ ಇನ್ನೊಂದು ಮೋಸ. ಕೆಳಗಿನ ಮಣ್ಣು ಉದುರಿ ಡಾಂಬರು ಮಾತ್ರ ಚಾಚಿಕೊಂಡಿರುತ್ತದೆ. ಮೇಲೆ ನಿಂತವನಿಗೆ ಗಟ್ಟಿ ನೆಲದಂತೆಯೇ ಕಾಣುತ್ತದೆ. ಎದುರು ಬದಿಗೆ ಹೋಗಿ ನೋಡಿ, ಪೊಳ್ಳು ಗೊತ್ತಾಗುತ್ತದೆ. ಮಳೆ ಬಂದ ಮೇಲಂತೂ ಯಾರೂ ಇಳಿಯುವ ಮೊದಲು ನೋಡಲೇಬೇಕು.

ಏಣಿ ಅಂಚಿಗಿಂತ 3 ಅಡಿ ಮೇಲೆ ಬಂದಿರಲಿ, ಇಲ್ಲದಿದ್ದರೆ ಹತ್ತಿ ಬರುವವನಿಗೆ ಕೊನೆಯಲ್ಲಿ ಹಿಡಿಯಲು ಏನೂ ಇರಲ್ಲ. ಸಲಕರಣೆ ಹಗ್ಗ ಕಟ್ಟಿ ಇಳಿಸಿ. ಜೆಸಿಬಿ ಬಕೆಟ್‌ನಲ್ಲಿ ಕೂತು ಇಳಿಯುವುದು ಬೇಡವೇ ಬೇಡ. ಕೆಂಪು ಟೇಪನ್ನು ಅಂಚಲ್ಲೇ ಕಟ್ಟಿದರೆ ಸುಮ್ನೆ ಅಲಂಕಾರ ಅಷ್ಟೇ, ಬೀಳುವವನನ್ನು ಅದು ತಡೆಯಲ್ಲ. ದಾಟುವ ಕಡೆ ಕೈಯಲ್ಲಿ ಹಿಡಿಯಲು ಕಂಬಿ ಇರುವ ಗಟ್ಟಿ ಹಲಗೆ ಹಾಕಿಸಿ.

ಯಾರಾದರೂ ಬಿದ್ದರೆ ಹಿಂದೆಯೇ ಧುಮುಕಬೇಡಿ. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಗೋಡೆ ಕುಸಿದರೆ ಇಬ್ಬರೂ ಒಳಗೆ. ಬೆನ್ನು, ಕುತ್ತಿಗೆ ನೋವು ಅಂದರೆ ರಟ್ಟೆ ಹಿಡಿದು ಎಳೆಯಬೇಡಿ. ಅಲುಗಾಡದಂತೆ ಹೇಳಿ, ಆಂಬುಲೆನ್ಸ್ ಕರೆಸಿ.

ನಿಮ್ಮ ಸೈಟಲ್ಲಿ ಇವತ್ತೇ ಶುರು ಮಾಡುವುದಾದರೆ ಮೊದಲು ಅಂಚಲ್ಲಿರುವ ಅಗೆದ ಮಣ್ಣನ್ನು ಹಿಂದಕ್ಕೆ ತಳ್ಳಿಸಿ. ಜೆಸಿಬಿ ಹೇಗೂ ಅಲ್ಲೇ ಇರುತ್ತದೆ ಅಲ್ವಾ?