ಬೆಂಗಳೂರು ಕೋಟೆಯಲ್ಲಿ ಟಿಪ್ಪುವಿನ ಅರಮನೆ ಸಿಗಲಿಲ್ಲವೆಂಬ ಪ್ರಶ್ನೆಗೆ

ಕೆ.ಆರ್. ಮಾರುಕಟ್ಟೆಯ ಬಳಿಯ ಕೋಟೆಯನ್ನೆಲ್ಲ ಸುತ್ತಿದರೂ ಟಿಪ್ಪುವಿನ ಅರಮನೆ ಕಾಣಲಿಲ್ಲವೆಂದು ಬರೆದಿದ್ದೀರಿ; ನೀವು ನೋಡಿದ್ದು ಬಹುಶಃ ದೆಹಲಿ ಬಾಗಿಲು ಮತ್ತು ಅದರ ಸುತ್ತಲಿನ ಗೋಡೆಯನ್ನು ಮಾತ್ರ, ಏಕೆಂದರೆ ಕೋಟೆಯ ಉಳಿದ ಬಹುಭಾಗವನ್ನು ಕೆಡವಿ ಆ ಜಾಗದಲ್ಲಿ ರಸ್ತೆ, ಆಸ್ಪತ್ರೆ, ಕಾಲೇಜುಗಳನ್ನು ಕಟ್ಟಲಾಗಿದೆ. ಮತ್ತೊಮ್ಮೆ ಹೋದಾಗ ಮೊದಲು ಹೊರಗೋಡೆಯಲ್ಲಿರುವ ಫಲಕವನ್ನು ತಪ್ಪದೆ ಓದಿ. 1791ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆ ಗೋಡೆಯೊಡೆದು ಒಳನುಗ್ಗಿದ ಸ್ಥಳವನ್ನು ಅದು ಗುರುತಿಸುತ್ತದೆ. ಅನಂತರ ಕೃಷ್ಣರಾಜೇಂದ್ರ ರಸ್ತೆಯಲ್ಲಿ ದಕ್ಷಿಣಕ್ಕೆ ಕೆಲವು ನಿಮಿಷ ನಡೆದರೆ ಕೋಟೆ ವೆಂಕಟರಮಣ ದೇವಸ್ಥಾನವೂ ಅದರ ಪಕ್ಕದಲ್ಲೇ ಅರಮನೆಯೂ ಸಿಗುತ್ತವೆ. 1781ರಲ್ಲಿ ಹೈದರ್ ಅಲಿ ಆರಂಭಿಸಿ 1791ರಲ್ಲಿ ಟಿಪ್ಪು ಪೂರ್ಣಗೊಳಿಸಿದ ಆ ಕಟ್ಟಡದ ತೇಗದ ಕಂಬಗಳನ್ನೂ ಗೋಡೆಗಳಲ್ಲಿ ಅಲ್ಲಲ್ಲಿ ಉಳಿದಿರುವ ಹೂಬಳ್ಳಿಯ ಚಿತ್ತಾರವನ್ನೂ ಹತ್ತಿರ ನಿಂತು ನೋಡಬೇಕು. ದೇವಸ್ಥಾನ ಮಧ್ಯಾಹ್ನ ಮುಚ್ಚುವುದರಿಂದ ಬೆಳಿಗ್ಗೆಯೇ ಹೊರಡಿ.