‘ಪುಟ್ ಆಫ್’ ಅಂದರೆ ರದ್ದಲ್ಲ

ಪ್ರಶ್ನೆ: ಓದಿದ್ದು ಕನ್ನಡ ಮಾಧ್ಯಮ, ಈಗ ಬೆಂಗಳೂರಿನ ಕಂಪನಿಯಲ್ಲಿ ಕೆಲಸ. 200 ಫ್ರೇಸಲ್ ವರ್ಬ್‌ಗಳ (ಕ್ರಿಯಾಪದಕ್ಕೆ ಆಫ್, ಅಪ್‌ನಂಥ ಪುಟ್ಟ ಪದ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿಗಳ) ಪಟ್ಟಿ ಬಾಯಿಪಾಠ ಮಾಡಿದ್ದೇನೆ. ಆದರೂ ಮೀಟಿಂಗ್ ‘ಪುಟ್ ಆಫ್’ ಆಗಿದೆ ಎಂದದ್ದನ್ನು ರದ್ದಾಗಿದೆ ಎಂದುಕೊಂಡು ಪೇಚಿಗೆ ಸಿಕ್ಕಿದೆ. ಇವನ್ನು ಕಲಿಯುವುದು ಹೇಗೆ?

ಉತ್ತರ: ಎಡವಟ್ಟು ಇರುವುದು ಪಟ್ಟಿಯಲ್ಲೇ. ಪುಟ್ ಆನ್, ಪುಟ್ ಆಫ್, ಪುಟ್ ಔಟ್, ಪುಟ್ ಅಪ್ ವಿತ್ ಎಂದು ಅದು ಒಂದೇ ಥರ ಕಾಣುವವನ್ನೆಲ್ಲ ಸಾಲಾಗಿ ನಿಲ್ಲಿಸುತ್ತದೆ. ಅರ್ಥಗಳೋ ಒಂದಕ್ಕೊಂದು ಸಂಬಂಧವಿಲ್ಲ: ಬಟ್ಟೆ ಹಾಕಿಕೊಳ್ಳುವುದು, ಮುಂದೂಡುವುದು, ಬೆಂಕಿ ಆರಿಸುವುದು, ಸಹಿಸಿಕೊಳ್ಳುವುದು. ಅದಲುಬದಲಾಗದೆ ಇನ್ನೇನು?

ಪಟ್ಟಿ ಬದಿಗಿಟ್ಟು ಸಂದರ್ಭ ಹಿಡಿಯಿರಿ. ಮೀಟಿಂಗ್‌ಗೆ ಸದ್ಯ ನಾಲ್ಕು ಸಾಕು: ಸೆಟ್ ಅಪ್ (ಗೊತ್ತುಮಾಡು), ಪುಟ್ ಆಫ್ (ಮುಂದೂಡು), ಕಾಲ್ ಆಫ್ (ರದ್ದುಮಾಡು), ಬ್ರಿಂಗ್ ಫಾರ್ವರ್ಡ್. ಈ ಕೊನೆಯದು ನಮಗೆ ತೋಡಿದ ಗುಂಡಿ. ಫಾರ್ವರ್ಡ್ ಅಂದರೆ ಮುಂದಕ್ಕೆ. ಕನ್ನಡದಲ್ಲಿ ‘ಮುಂದಕ್ಕೆ ಹಾಕಿದರು’ ಅಂದರೆ ತಡವಾಯಿತು ಎಂದೇ ಅರ್ಥ. ಇಂಗ್ಲಿಷಿನಲ್ಲಿ ಉಲ್ಟಾ. ಶುಕ್ರವಾರದ ಮೀಟಿಂಗನ್ನು ಬುಧವಾರಕ್ಕೆ ತಂದರೆ ಅದು ಬ್ರಿಂಗ್ ಫಾರ್ವರ್ಡ್. ಸೋಮವಾರಕ್ಕೆ ತಳ್ಳಿದರೆ ಪುಶ್ ಬ್ಯಾಕ್. ನಮ್ಮ ‘ಪ್ರಿಪೋನ್’ (ಗೊತ್ತಾದ ದಿನಕ್ಕಿಂತ ಮೊದಲೇ ಮಾಡು) ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ವಿದೇಶದ ಕ್ಲೈಂಟ್ ಮಾತ್ರ ಕಣ್ಣುಕಣ್ಣು ಬಿಡಬಹುದು.

ಒಂದೊಂದನ್ನೂ ಅರ್ಥದ ಜೊತೆಗಲ್ಲ, ವಾಕ್ಯದ ಜೊತೆ ಬರೆದುಕೊಳ್ಳಿ. ಆ ವಾಕ್ಯದಲ್ಲಿ ‘ಇಟ್’ ಅಥವಾ ‘ಹಿಮ್’ ಇರಲೇಬೇಕು, ಏಕೆಂದರೆ ಹೆಚ್ಚು ಜನ ಎಡವುವುದು ಅಲ್ಲಿ. ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸರಿ. ಮೀಟಿಂಗ್ ಬದಲು ‘ಇಟ್’ ಬಂತೋ, ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ತಪ್ಪು. ಆದರೆ ‘ಲುಕ್ ಫಾರ್’ (ಹುಡುಕು) ಬೇರೆ ಜಾತಿ, ಅದರ ನಡುವೆ ‘ಇಟ್’ ಆಗಲಿ ನಾಮಪದವಾಗಲಿ ತುರುಕುವಂತಿಲ್ಲ: ‘ಲುಕ್ ಫಾರ್ ಇಟ್’. ಕಿವಿಗೂ ವ್ಯತ್ಯಾಸ ಸಿಗುತ್ತದೆ. ‘ಪುಟ್ ಇಟ್ ಆಫ್’ನಲ್ಲಿ ಒತ್ತು ಆಫ್ ಮೇಲೆ, ‘ಲುಕ್ ಫಾರ್ ಇಟ್’ನಲ್ಲಿ ಲುಕ್ ಮೇಲೆ. ಅನುಮಾನ ಬಂದರೆ ಆಕ್ಸ್‌ಫರ್ಡ್ ಅಥವಾ ಲಾಂಗ್‌ಮನ್‌ನ ಕಲಿಯುವವರ ನಿಘಂಟು ತೆರೆಯಿರಿ. ಎರಡೂ ತುದಿಗೆ ಮೊನೆಯಿರುವ ಬಾಣ ಕಂಡರೆ ನಾಮಪದವನ್ನು ಅತ್ತಿತ್ತ ಸರಿಸಬಹುದು ಎಂದು ಲೆಕ್ಕ.

ಇದೆಲ್ಲ ಇಂಗ್ಲಿಷಿನವರ ಹುಚ್ಚಾಟ ಅನ್ನಿಸಿದರೆ, ‘ತಿಂದುಬಿಡು’ ನೆನಪಿಸಿಕೊಳ್ಳಿ. ತಿಂದಮೇಲೆ ಬಿಡುವುದೇನನ್ನು? ಪೂರ್ತಿ ಮುಗಿಸು ಎನ್ನಲು ನಾವು ‘ಬಿಡು’ ಅಂಟಿಸುವಂತೆ ಅವರು ‘ಅಪ್’ ಅಂಟಿಸುತ್ತಾರೆ: ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್. ನಂಬಿದವನು ‘ಕೈಕೊಟ್ಟ’ ಅನ್ನುತ್ತೀರಲ್ಲ, ಅದೇ ಅವರ ‘ಲೆಟ್ ಡೌನ್’. ಕೈಯಂತೂ ಯಾರೂ ಕೊಟ್ಟಿರುವುದಿಲ್ಲ.

ಇನ್ನೊಂದು. ‘ಕೋಪ್ ಅಪ್ ವಿತ್’ ಎಂದು ಬರೆಯುವವರು ನಮ್ಮಲ್ಲಿ ಬಹಳ. ಅಲ್ಲಿ ‘ಅಪ್’ ಇಲ್ಲ, ‘ಕೋಪ್ ವಿತ್’ (ನಿಭಾಯಿಸು) ಅಷ್ಟೇ. ‘ರಿಟರ್ನ್ ಬ್ಯಾಕ್’ನ ಬ್ಯಾಕ್ ಕೂಡ ದಂಡ. ಹಾಗೆಯೇ ಕಾಲೇಜಿನಿಂದ ‘ಪಾಸ್ ಔಟ್’ ಆದೆ ಎಂದು ಅಮೆರಿಕದವರಿಗೆ ಹೇಳಿದರೆ, ಪ್ರಜ್ಞೆ ತಪ್ಪಿತ್ತೇನೋ ಎಂದು ಗಾಬರಿಯಾದಾರು, ‘ಗ್ರ್ಯಾಜುಯೇಟೆಡ್’ ಅನ್ನಿ.

ಪ್ರಶ್ನೆ: ಏಳು ವರ್ಷದ ಮಗಳು ‘ಪ್ಲೀಸ್ ಆನ್ ದ ಫ್ಯಾನ್’ ಅನ್ನುತ್ತಾಳೆ. ತಿದ್ದುವುದು ಹೇಗೆ?

ಉತ್ತರ: ‘ಫ್ಯಾನ್ ಆನ್ ಮಾಡು’ ಎನ್ನುವಾಗ ಕ್ರಿಯೆಯ ಕೆಲಸ ಮಾಡುವುದು ನಮ್ಮ ‘ಮಾಡು’. ಇಂಗ್ಲಿಷಿಗೆ ಬರುವಾಗ ಅದು ಉದುರಿಹೋಗಿ ಆನ್ ಒಂದೇ ಉಳಿಯುತ್ತದೆ. ಆ ಖಾಲಿ ಜಾಗಕ್ಕೆ ಸ್ವಿಚ್ ಅಥವಾ ಟರ್ನ್ ಬೇಕು: ‘ಸ್ವಿಚ್ ಆನ್ ದ ಫ್ಯಾನ್’. ನಲ್ಲಿಗೆ ಸ್ವಿಚ್ ಇಲ್ಲವಲ್ಲ, ಅಲ್ಲಿ ‘ಟರ್ನ್’ ಮಾತ್ರ; ‘ಕ್ಲೋಸ್ ದ ಟ್ಯಾಪ್’ ಬದಲು ‘ಟರ್ನ್ ಆಫ್ ದ ಟ್ಯಾಪ್’. ಶೂ ಹಾಕಿಕೊಳ್ಳುವ ಕ್ರಿಯೆ ‘ಪುಟ್ ಆನ್’, ಹಾಕಿಕೊಂಡಿರುವ ಸ್ಥಿತಿ ‘ವೇರ್’, ಬಿಚ್ಚುವುದು ‘ಟೇಕ್ ಆಫ್’.

ತಪ್ಪಾದಾಗಲೆಲ್ಲ ತಡೆದು ಪಾಠ ಮಾಡಬೇಡಿ. ಅವಳು ಕೇಳಿದ್ದನ್ನು ಮಾಡುತ್ತಲೇ ಸರಿಯಾದ ರೂಪ ಹೇಳಿ: ‘ಶಲ್ ಐ ಟರ್ನ್ ಇಟ್ ಆನ್?’ ದಿನಕ್ಕೆ ಹತ್ತು ಸಲ ಸ್ವಿಚ್ ಒತ್ತುವ ಮನೆಯಲ್ಲಿ ಅಷ್ಟು ಸಲ ಕಿವಿಗೆ ಬೀಳುತ್ತದೆ.