ಆನೆ ಕಾಸಿಗೆ ಸವಾಲ್ ಕೂಗಿ ಹಿಂದೆ ಸರಿಯೋದು

ಮೇಷ್ಟ್ರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಬೇರೆ ಓದುಗರಿಗೂ ವಿಷಯ ಗೊತ್ತಾಗ್ಲಿ ಅಂತ ಮೊದ್ಲು ಚಿಕ್ಕದಾಗಿ ಹೇಳ್ಬಿಡ್ತೀನಿ. ಹಾಸನದ ಕಡೆ ಹೈಸ್ಕೂಲಲ್ಲಿ ಪಾಠ ಮಾಡೋ ಇವ್ರು ಒಂದು ಆನ್‌ಲೈನ್ ಹರಾಜಲ್ಲಿ ಟಿಪ್ಪು ಕಾಲದ ತಾಮ್ರದ ಡಬಲ್ ಪೈಸೆಗೆ, ಅದೇ ಆನೆ ಇರೋ ದಪ್ಪ ಕಾಸು, ಶ್ರೀರಂಗಪಟ್ಟಣದ ಟಂಕಸಾಲೆದು, ರಾತ್ರಿ ಹನ್ನೊಂದೂವರೆಗೆ 28,000 ರೂಪಾಯಿ ಬಿಡ್ ಹಾಕಿದ್ದಾರೆ. ಬೆಳಿಗ್ಗೆ ಎದ್ದು ನೋಡಿದ್ರೆ ಮಗಳ ಕಾಲೇಜ್ ಫೀಸ್ ನೆನಪಾಗಿದೆ, ಗೆದ್ದ ಬೆಲೆ ಮೇಲೆ ಹರಾಜಿನವ್ರ ಕಮಿಷನ್, ಆ ಕಮಿಷನ್ ಮೇಲೆ ಜಿಎಸ್‌ಟಿ, ಕೊರಿಯರ್ ಎಲ್ಲಾ ಸೇರಿ ಎಷ್ಟಾಗತ್ತೆ ಅಂತ ಆಮೇಲೆ ಲೆಕ್ಕ ಹಾಕಿದ್ದಾರೆ, ಸಾಲದ್ದಕ್ಕೆ ಎರಡು ದಿನ ಬಿಟ್ಟು ಅದೇ ಲಾಟ್‌ಗೆ, ಅಂದ್ರೆ ಹರಾಜಿಗಿಟ್ಟ ಆ ಕಾಸಿಗೆ, ಹಾಕಿರೋ ಹೊಸ ಫೋಟೋದಲ್ಲಿ ನಾಣ್ಯ ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೀತಿದೆ. ಹರಾಜು ಮುಗಿಯೋಕೆ ಇನ್ನೂ ಹನ್ನೆರಡು ದಿನ ಇದೆ. ಸ್ನೇಹಿತರೊಬ್ರು "ಸುಮ್ನಿರಿ ಸಾರ್, ಗೆದ್ರೂ ದುಡ್ಡು ಕಟ್ಬೇಡಿ, ಯಾರೂ ಏನೂ ಮಾಡ್ಕೊಳಕ್ಕಾಗಲ್ಲ" ಅಂದಿದ್ದಾರಂತೆ. "ಬಿಡ್ ವಾಪಸ್ ತಗೊಂಡ್ರೆ ಕೇಸ್ ಆಗತ್ತಾ, ಮಾತು ತಪ್ಪಿದ ಹಾಗಾಗತ್ತಾ" ಅನ್ನೋದು ಮೇಷ್ಟ್ರ ಪ್ರಶ್ನೆ.

ವಾಪಸ್ ತಗೋಬಹುದು. ಇವತ್ತೇ ತಗೊಳ್ಳಿ. ಆದ್ರೆ ನಿಮ್ಮ ಸ್ನೇಹಿತರು ಹೇಳಿದ ದಾರಿ ಮಾತ್ರ ದಯವಿಟ್ಟು ಹಿಡೀಬೇಡಿ, ಇಡೀ ಉತ್ತರ ಬರೀತಿರೋದೇ ಅದಕ್ಕೆ.

ಕಾನೂನು ಈ ವಿಷಯದಲ್ಲಿ ಸಾಕಷ್ಟು ಸ್ಪಷ್ಟ ಇದೆ. ನಮ್ಮ 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಹರಾಜಿಗೇ ಅಂತ ಇರೋದು. ಸುತ್ತಿಗೆ ಬಿದ್ದಾಗ ಅಥವಾ ರೂಢಿಯಲ್ಲಿರೋ ಬೇರೆ ಯಾವ್ದಾದ್ರೂ ರೀತೀಲಿ "ಮುಗೀತು" ಅಂತ ಸಾರಿದಾಗ ಮಾರಾಟ ಪೂರ್ತಿ ಆಗತ್ತೆ, ಅಲ್ಲೀತನಕ ಯಾವ ಬಿಡ್ಡರ್ ಬೇಕಾದ್ರೂ ತನ್ನ ಬಿಡ್ ಹಿಂದೆ ತಗೋಬಹುದು ಅಂತ ಅದರಲ್ಲಿದೆ. ಅಂದ್ರೆ ನೀವು ಕೂಗಿದ್ದು ಇನ್ನೂ ಬರೀ "ನಾನು ಇಷ್ಟಕ್ಕೆ ತಗೋತೀನಿ" ಅನ್ನೋ ಮಾತು, ಆ ಕಡೆಯಿಂದ ಯಾರೂ "ಆಯ್ತು, ಕೊಟ್ಟೆ" ಅಂದಿಲ್ಲ.

ಈ ನಿಯಮದ ಹಿಂದೆ ಇಂಗ್ಲೆಂಡಿನ 1789ರ ಒಂದು ಕೇಸ್ ಇದೆ, ಪೇನ್ ಮತ್ತು ಕೇವ್ ಅನ್ನೋರದ್ದು, ನಿಮ್ಮ ಪರಿಸ್ಥಿತಿಗೆ ಎಷ್ಟು ಹತ್ರ ಇದೆ ನೋಡಿ. ಭಟ್ಟಿ ಇಳಿಸೋ ತೊಟ್ಟಿ, ಅದರೊಳಗಿನ ಲೋಹದ ಕೊಳವೆ ಸಮೇತ ಹರಾಜಿಗಿತ್ತು, ಕೇವ್ 40 ಪೌಂಡ್ ಕೂಗಿದ, ಅದೇ ಮೇಲಿನ ಬಿಡ್. ಹರಾಜಿನವ್ನು ಇನ್ನೂ ಜಾಸ್ತಿ ಬರ್ಲಿ ಅಂತ ಎಳೀತಾ, ಇದು ಇಷ್ಟು ಭಾರ ಇದೆಯಂತೆ, ಇನ್ನೂ ಬೆಲೆ ಬಾಳತ್ತೆ ಅಂತ ಹೊಗಳಿದ. ಹಾಗಾದ್ರೆ ಅಷ್ಟು ತೂಕ ಇದೆ ಅಂತ ಗ್ಯಾರಂಟಿ ಕೊಡ್ತೀಯಾ ಅಂತ ಕೇವ್ ಕೇಳಿದ, ಇಲ್ಲ ಅಂದ. ಹಾಗಿದ್ರೆ ನಂಗೆ ಬೇಡ ಅಂತ ಹೇಳ್ಬಿಟ್ಟ. ಆಮೇಲೆ ಅದು 30 ಪೌಂಡಿಗೆ ಹೋಯ್ತು, ಕಮ್ಮಿ ಬಿದ್ದ ದುಡ್ಡು ಕೊಡು ಅಂತ ಕೇವ್ ಮೇಲೆ ದಾವೆ ಹೂಡಿದ್ರು. ಕೋರ್ಟು ಕೇವ್ ಪರ ಹೇಳ್ತು, ಸುತ್ತಿಗೆ ಬೀಳೋ ಮುಂಚೆ ಎರಡೂ ಕಡೆಯವ್ರಿಗೂ ಕಟ್ಟುಪಾಡಿಲ್ಲ ಅಂತ. ನಂಗೆ ಇದರಲ್ಲಿ ಮನಸ್ಸಿಗೆ ಹಿಡಿಸೋದು ಏನಂದ್ರೆ ಆ ಮನುಷ್ಯ ಎಲ್ಲರೆದುರಿಗೆ, ಬಾಯಿಬಿಟ್ಟು, ಸಮಯ ಮೀರೋ ಮುಂಚೆ "ಬೇಡ" ಅಂದ.

ಇನ್ನು ಸೈಟಿನ ಷರತ್ತು. ಅಕೌಂಟ್ ಮಾಡೋವಾಗ "ಒಪ್ಪಿದ್ದೇನೆ" ಅಂತ ಟಿಕ್ ಹಾಕಿರ್ತೀವಲ್ಲ ಅದು. ಎಷ್ಟೋ ಹರಾಜಿನವ್ರು ಒಮ್ಮೆ ಹಾಕಿದ ಬಿಡ್ ಕ್ಯಾನ್ಸಲ್ ಆಗಲ್ಲ ಅಂತ ಬರ್ಕೊಂಡಿರ್ತಾರೆ, ಅದಕ್ಕೇ ಬಟನ್ ಹುಡುಕ್ತಾ ಕೂರೋ ಬದ್ಲು ನೇರ ಮೇಲ್ ಮಾಡಿ, ಫೋನ್ ಮಾಡಿ ಅನ್ನೋದು. ಈಬೇ ಥರದ ದೊಡ್ಡ ಹರಾಜು ಸೈಟಲ್ಲಿ ನಿಯಮ ಬಿಡಿಸಿ ಬರೆದಿದ್ದಾರೆ: ಮೊತ್ತ ತಪ್ಪು ಟೈಪ್ ಆಗಿದ್ರೆ, ವಸ್ತುವಿನ ವಿವರಣೆ ಗಣನೀಯವಾಗಿ ಬದಲಾಗಿದ್ರೆ, ಮಾರೋರು ಸಿಗ್ತಾನೇ ಇಲ್ಲ ಅಂದ್ರೆ ಹಿಂದೆ ತಗೋಬಹುದು, ಮುಗಿಯೋಕೆ 12 ಗಂಟೆಗಿಂತ ಜಾಸ್ತಿ ಇದ್ರೆ ನಿಮ್ಮ ಎಲ್ಲಾ ಬಿಡ್ ಹೋಗತ್ತೆ, ಕೊನೇ 12 ಗಂಟೆ ಒಳಗಾದ್ರೆ ಹಾಕಿದ ಒಂದು ಗಂಟೆಯೊಳಗೆ ಮಾತ್ರ, ಅದೂ ಕೊನೇದೊಂದು. ಮನಸ್ಸು ಬದಲಾಯ್ತು ಅನ್ನೋದು ಅಲ್ಲಿ ಕಾರಣ ಅಲ್ಲ. ನಿಮ್ಮದು ಬೇರೆ ಸೈಟ್, ಆದ್ರೆ ಆ ಎರಡನೇ ಕಾರಣ ನಿಮ್ಮ ಪತ್ರದಲ್ಲೇ ಇದೆ, ಅದಕ್ಕೆ ಬರ್ತೀನಿ.

ಮೊದ್ಲು ಗೆದ್ದು ಸುಮ್ನಾಗೋದರ ಬಗ್ಗೆ. ಸುತ್ತಿಗೆ ಬಿದ್ಮೇಲೆ ಅದು ಕರಾರು. ದುಡ್ಡು ಕಟ್ಟಲಿಲ್ಲ ಅಂದ್ರೆ ಪೊಲೀಸ್ ಬರ್ತಾರೆ ಅಂತಲ್ಲ, ಅದು ಸಿವಿಲ್ ವಿಷಯ, ಆದ್ರೆ ನೋಟಿಸ್ ಕೊಟ್ಟು ಬೇರೆಯವ್ರಿಗೆ ಮಾರಿ, ಬಿದ್ದ ನಷ್ಟ ನಿಮ್ಮಿಂದ ಕೇಳೋ ಹಕ್ಕು ಮಾರೋರಿಗಿದೆ. 28,000ದ ನಾಣ್ಯಕ್ಕೆ ಯಾರು ಕೋರ್ಟ್ ಮೆಟ್ಟಿಲು ಹತ್ತುತಾರೆ ಅಂತ ನಿಮ್ಮ ಸ್ನೇಹಿತರ ಲೆಕ್ಕ. ಆ ಕಡೆ ಯಾರು ಕೂತಿರ್ತಾರೆ ಅಂತ ಅವ್ರು ಯೋಚ್ನೆ ಮಾಡಿಲ್ಲ.

ಆ ಕಡೆ ಒಂದ್ಸಲ ನಾನೇ ಕೂತಿದ್ದೆ. ನಮ್ಮ ತಂದೆ ಹೋದ್ಮೇಲೆ ಅವ್ರ ನಾಣ್ಯದ ಡಬ್ಬಿ, ಹಾರ್ಲಿಕ್ಸ್ ಬಾಟ್ಲಿ ಎರಡು, ಅಮ್ಮನ ಬೀರುವಿನಲ್ಲಿತ್ತು. ಅಮ್ಮನ ಕಣ್ಣಿನ ಆಪರೇಷನ್‌ಗೆ ಅಂತ ಕೆಲವನ್ನ ಹರಾಜಿಗೆ ಕೊಟ್ವಿ, ಅದರಲ್ಲಿ ಒಂದು ಲಾಟ್ 16,000ಕ್ಕೆ ನಿಂತ್ಕೊಳ್ತು, ಅಮ್ಮ ಆಸ್ಪತ್ರೆಗೆ ದಿನ ಗೊತ್ತುಮಾಡಿಸಿದ್ರು. ಗೆದ್ದವ್ನು ಕಟ್ಟಲೇ ಇಲ್ಲ. ಒಂದು ವಾರ, ಎರಡು ವಾರ, ಫೋನ್ ಎತ್ತಲ್ಲ. 15,500 ಕೂಗಿ ಸೋತಿದ್ದವ್ರನ್ನ ಕೇಳಿದ್ರೆ ಅವ್ರು ಆ ದುಡ್ಡಲ್ಲಿ ಅಷ್ಟೊತ್ತಿಗೆ ಬೇರೆ ನಾಣ್ಯ ತಗೊಂಡಿದ್ರು. ನಾಲ್ಕು ತಿಂಗಳು ಬಿಟ್ಟು ಅದೇ ಲಾಟ್ ಮತ್ತೆ ಇಟ್ಟಾಗ, ಇದು ವಾಪಸ್ ಬಂದ ಮಾಲು, ಏನೋ ಐಬಿರಬೇಕು ಅಂತ ನೋಡೋರಿಗೆಲ್ಲ ಅನುಮಾನ, 9,500ಕ್ಕೆ ಹೋಯ್ತು. ಅಮ್ಮ ಯಾರಿಗೂ ಬೈಲಿಲ್ಲ, "ಬೇಡ ಅಂತ ಮೊದ್ಲೇ ಹೇಳಿದ್ರೆ ಆಗ್ತಿತ್ತಪ್ಪಾ" ಅಂದ್ರು ಅಷ್ಟೇ. ಊರಲ್ಲಿ ಜಾತ್ರೆ ಮುಗಿದ ಮೇಲೆ ದೇವರ ಮುಂದಿನ ನಿಂಬೆಹಣ್ಣು, ತೆಂಗಿನಕಾಯಿ ಸವಾಲ್ ಹಾಕೋವಾಗ ಕೂಗಿ ಗೆದ್ದು ಯಾರಾದ್ರೂ ಎದ್ದು ಹೋಗ್ತಾರಾ? ಇಡೀ ಊರು ನೋಡ್ತಿರತ್ತೆ. ಫೋನಲ್ಲಿ ಯಾರೂ ನೋಡ್ತಿರಲ್ಲ, ಅದೊಂದೇ ವ್ಯತ್ಯಾಸ.

ಈಗ ಆ ಗುಲಾಬಿ ಫೋಟೋ. ನೀವು ಕಳಿಸಿದ ಎರಡನ್ನೂ ದೊಡ್ಡದು ಮಾಡಿ ನೋಡಿದೆ. ಮೊದಲನೇದರಲ್ಲಿ ಆನೆ ಮೈಮೇಲೆ ಕಾಫಿಬೀಜ ಹುರಿದ ಬಣ್ಣ ಇದೆ, ಅಕ್ಷರದ ಸಂದಿಲಿ ಕಪ್ಪು ಕೂತಿದೆ, ಇನ್ನೂರು ಚಿಲ್ಲರೆ ವರ್ಷದ ತಾಮ್ರ ಇರಬೇಕಾದ್ದೇ ಹಾಗೆ. ಎರಡನೇದರಲ್ಲಿ ಎತ್ತರದ ಜಾಗ, ಆನೆ ಹಣೆ, ಬೆನ್ನು, ಎಲ್ಲಾ ತೊಳೆದಿಟ್ಟ ತಾಮ್ರದ ಚೊಂಬಿನ ಥರ. ಇದು ನಂಗೆ ಚೆನ್ನಾಗಿ ಗೊತ್ತಿರೋ ಬಣ್ಣ, ಯಾಕಂದ್ರೆ ನಮ್ಮ ಮನೇಲಿ ಅಜ್ಜಿ ದೇವರ ಪಾತ್ರೆ ಬೆಳಗೋವಾಗ ತಂದೆಯ ಮೂರು ಕಾಸನ್ನೂ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿಬಿಟ್ಟಿದ್ರು, ಪ್ರೀತಿಯಿಂದಲೇ. ಹುಳಿ ಮೇಲಿನ ಪದರ ತಿಂದುಹಾಕತ್ತೆ, ಆ ಪದರ ಮತ್ತೆ ಬರೋಕೆ ತಲೆಮಾರು ಬೇಕು, ಸಂಗ್ರಾಹಕರು ಅಂಥದ್ದಕ್ಕೆ ಬಹಳ ಕಮ್ಮಿ ಕೊಡ್ತಾರೆ. ಬೆಳಕಿನ ವ್ಯತ್ಯಾಸವೂ ಇರಬಹುದು, ಅದಕ್ಕೇ ಕೇಳಿ: ಇದನ್ನ ತೊಳೆದಿದ್ದೀರಾ, ತೂಕ ಎಷ್ಟು, ಅಂಚಿನ ಫೋಟೋ ಕಳಿಸ್ತೀರಾ. ಡಬಲ್ ಪೈಸೆ 22-23 ಗ್ರಾಂ ಆಸುಪಾಸು ತೂಗಬೇಕು. ಎರಕ ಹೊಯ್ದ ನಕಲಿಗಳಲ್ಲಿ ಅಂಚಿನ ಸುತ್ತ ಸಣ್ಣ ಗೆರೆ, ಮೈಮೇಲೆ ಗಾಳಿಗುಳ್ಳೆಯ ಚುಕ್ಕಿ ಕಾಣತ್ತೆ, ಅಕ್ಷರ ಸೋಪಿನ ಮೇಲೆ ಬರೆದ ಹಾಗೆ ಮೆತ್ತಗಿರತ್ತೆ.

ಇಸವಿನೂ ನೋಡಿ. ಟಿಪ್ಪು ಹಿಜರಿ ಶಕೆ ಬಿಟ್ಟು, ಪ್ರವಾದಿ ಹುಟ್ಟಿದ ವರ್ಷದಿಂದ ಎಣಿಸೋ ಮೌಲೂದಿ ಶಕೆ ತಂದ, 1787ರ ಸುಮಾರಿಗೆ, ಆ ಹೊಸ ಲೆಕ್ಕದಲ್ಲಿ ಅದು 1215. ಅಲ್ಲಿಂದಾಚೆ ನಾಣ್ಯದ ಮೇಲಿನ ಅಂಕಿಗಳನ್ನ ಬಲದಿಂದ ಎಡಕ್ಕೆ ಬರೆಸಿದ್ದಾನೆ, ನಾವು ಎಡದಿಂದ ಓದಿದ್ರೆ 1218 ಅನ್ನೋದು 8121 ಅಂತ ಕಾಣತ್ತೆ. ವಿವರಣೇಲಿ ಇಸವಿ ಬರೆದವ್ರು ಇದನ್ನ ಗಮನಿಸಿದ್ದಾರಾ ಅಂತ ನೋಡಿದ್ರೆ ಅವ್ರಿಗೆ ಎಷ್ಟು ಗೊತ್ತು ಅನ್ನೋದೂ ತಿಳಿಯತ್ತೆ.

ವಿವರಣೆ, ಫೋಟೋ ನಿಮ್ಮ ಬಿಡ್ ಆದ್ಮೇಲೆ ಬದಲಾಗಿದ್ರೆ ಅದನ್ನೇ ಕಾರಣ ಅಂತ ಬರೀರಿ, ಫೀಸ್ ವಿಷಯನೂ ಬರೀರಿ, ನಾಚ್ಕೆ ಪಡೋ ಮಾತಲ್ಲ. "ಲಾಟ್ ನಂಬರ್ ಇಷ್ಟು, ನನ್ನ 28,000ದ ಬಿಡ್ ಹಿಂದೆ ತಗೋತಿದ್ದೀನಿ, ಹೊಸ ಫೋಟೋದಲ್ಲಿ ನಾಣ್ಯದ ಸ್ಥಿತಿ ಬೇರೆ ಕಾಣ್ತಿದೆ, ಹಣದ ಅಂದಾಜೂ ನಂದು ತಪ್ಪಾಗಿತ್ತು, ದಯವಿಟ್ಟು ತೆಗೆದು ಉತ್ತರ ಕೊಡಿ" ಇಷ್ಟು ಸಾಕು. ಎರಡೂ ಫೋಟೋದ ಸ್ಕ್ರೀನ್‌ಶಾಟ್ ತಾರೀಕಿನ ಸಮೇತ ಇಟ್ಕೊಳ್ಳಿ. ಮಾರೋರೇ ಸುಳ್ಳು ಹೆಸರಲ್ಲಿ ಬೆಲೆ ಏರಿಸ್ತಿದ್ದಾರೆ ಅಂತ ಗೊತ್ತಾದ್ರೆ ಗೆದ್ದ ಮೇಲೂ ರದ್ದು ಮಾಡೋ ಹಕ್ಕು ಕೊಂಡವ್ರಿಗಿದೆ, ಅದೇ 64ನೇ ಸೆಕ್ಷನ್, ಆದ್ರೆ ನಿಮ್ಮ ಪತ್ರದಲ್ಲಿ ಅಂಥ ಸುಳಿವು ನಂಗೆ ಕಾಣಲಿಲ್ಲ, ಸುಮ್ನೆ ಆರೋಪ ಹೊರಿಸ್ಬೇಡಿ.

ಪತ್ರದ ಕೊನೇಲಿ ಒಂದು ಸಾಲು ಇದೆ, ಡಲ್ಲಾಸಲ್ಲಿರೋ ಬಾಮೈದನ ಗೃಹಪ್ರವೇಶಕ್ಕೆ ಇದನ್ನ ಉಡುಗೊರೆ ಕೊಡ್ಬೇಕು ಅಂತಿದ್ದೆ ಅಂತ. ಅದು ಆಗಲ್ಲ ಮೇಷ್ಟ್ರೇ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ಪ್ರಾಚ್ಯವಸ್ತು, ಖಾಸಗಿಯವ್ರು ದೇಶದಿಂದ ಆಚೆ ಕಳಿಸೋ ಹಾಗಿಲ್ಲ, ಸೂಟ್‌ಕೇಸಲ್ಲಿ ಇಟ್ಕೊಂಡು ಹೋಗೋ ಹಾಗೂ ಇಲ್ಲ. ಹಾಗೇ ಇಂಥದ್ದನ್ನ ಮಾರೋ ವ್ಯಾಪಾರ ಮಾಡೋರಿಗೆ ಲೈಸೆನ್ಸ್ ಬೇಕು, ಆ ನಂಬರ್ ಕೇಳೋದು ನಿಮ್ಮ ಹಕ್ಕು.

ಬಾಮೈದ ಊರಿಗೆ ಬಂದಾಗ ಶ್ರೀರಂಗಪಟ್ಟಣಕ್ಕೆ ಕರ್ಕೊಂಡು ಹೋಗಿ, ದರಿಯಾ ದೌಲತ್ ಮ್ಯೂಸಿಯಮ್‌ನಲ್ಲಿ ಟಿಪ್ಪು ಕಾಲದ ನಾಣ್ಯ ನೋಡ್ಬಹುದು. ಮೇಲ್‌ಗೆ ಹರಾಜಿನವ್ರು ಏನಂದ್ರು ಅಂತ ನಂಗೊಂದು ಸಾಲು ಬರೀರಿ, ತೂಕ ಎಷ್ಟು ಹೇಳಿದ್ರು ಅನ್ನೋದೂ ಸೇರಿಸಿ.